ಪ್ರಾರ್ಥನೆ ಕೋಣೆಯ ಕಿಂಡಿ

ಕಡಲಿಗೂ ರೈಲುಹಳಿಗೂ ನಡುವಿನ ಒಂದು ಊರಿನಲ್ಲಿ ಒಬ್ಬ ಬೆಳಕಿನವನಿದ್ದನಂತೆ. ಮದುವೆಯ ಚಪ್ಪರಕ್ಕೆ ಒಂದು ಬೆಳಕು, ಇಗರ್ಜಿಯ ಹಬ್ಬಕ್ಕೆ ಒಂದು ಬೆಳಕು, ಸಾವಿನ ಮನೆಯ ಅಂಗಳಕ್ಕೆ ಇನ್ನೊಂದು ಬೆಳಕು, ಹೀಗೆ ಲೋಕದ ಬಣ್ಣಗಳೆಲ್ಲ ಅವನ ಗೋಣಿಯೊಳಗೆ ಸುರುಳಿ ಸುತ್ತಿ ಮಲಗಿದ್ದವಂತೆ. ಅವನಿಗೊಬ್ಬಳು ಮುದುಕಿ ಚಿಕ್ಕಮ್ಮ. ಅವಳು ಅವನಿಂದ ಯಾವ ಬೆಳಕನ್ನೂ ಬೇಡಲಿಲ್ಲ. ಪ್ರಾರ್ಥನೆ ಕೋಣೆಯ ಕಿಂಡಿಯ ಗಾಜು ಒಡೆದಿದೆ, ಬಾವಲಿ ಬರುತ್ತದೆ, ಒಂದು ಬಲೆ ಬಡಿದುಕೊಡು ಎಂದಷ್ಟೇ ಕೇಳಿದಳು. ಬಡಿಯುತ್ತೇನೆ ಎಂದು ಅವನು ಮಾತು ಕೊಟ್ಟ. ಕತೆಗಳಲ್ಲಿ ಮಾತು ಕೊಟ್ಟವನು ಅದನ್ನು ಎಷ್ಟೇ ಮುಂದೆ ಹಾಕಿದರೂ, ಮಾತು ಮಾತ್ರ ಚಪ್ಪಲಿ ಬಿಚ್ಚಿಟ್ಟು ಜಗಲಿಯಲ್ಲಿ ಕಾದು ಕೂತೇ ಇರುತ್ತದೆ.

ಊರು ಮಂಜೇಶ್ವರ. ಬೆಳಕಿನವನು ರುಡಾಲ್ಫ್, ಹೊಸಂಗಡಿ ಜಂಕ್ಷನ್ನಿನಲ್ಲಿ ಅವನ ಲೈಟಿಂಗ್ ಅಂಗಡಿ. ಚಿಕ್ಕಮ್ಮ ತೆರೆಜಾ ಬಾಯಿ, ಅವನ ತಾಯಿಯ ತಂಗಿ. ಮಕ್ಕಳಿಲ್ಲದವಳು. ಗಂಡ ಡೆನ್ಜಿಲ್ ಬಹರೈನಿನಲ್ಲಿ ದುಡಿದು ಕಟ್ಟಿಸಿದ ಹೆಂಚಿನ ಮನೆ ಅವಳದು. ಅದರ ಹಿಂದೆ ಬಾವಿಯ ಪಕ್ಕದಲ್ಲಿ ಒಂದು ಸಣ್ಣ ಮನೆ. ಆ ಸಣ್ಣ ಮನೆಯಲ್ಲಿ ಸುಂದರಿ ಬೀಡಿ ಕಟ್ಟಿಕೊಂಡು ಇದ್ದಳು. ಡೆನ್ಜಿಲ್ ಹಾಸಿಗೆ ಹಿಡಿದ ವರ್ಷ ಸಹಾಯಕ್ಕೆ ಬಂದವಳು, ಅವನು ಮಣ್ಣಿಗೆ ಸೇರಿದ ಮೇಲೂ ಹೋಗಿರಲಿಲ್ಲ.

ಒಂದು ಆದಿತ್ಯವಾರ ಪೂಜೆ ಮುಗಿಸಿ ಬಂದು ಚಹಾ ಕುಡಿಯುವಾಗ ತೆರೆಜಾ ಬಾಯಿ ಮಾತು ತೆಗೆದಳು.

"ಹಿಂದಿನ ಮನೆ ಸುಂದರಿಯ ಹೆಸರಿಗೆ ಬರೆಸುವಾ ಅಂತ ಉಂಟು, ಪುತಾ. ಮುಂದಿನದ್ದು ನಿನಗೇ. ನಾನು ಹೋದ ಮೇಲೆ ಅವಳು ಎಲ್ಲಿಗೆ ಹೋಗಬೇಕು ಹೇಳು."

"ಒಳ್ಳೆ ವಿಚಾರ ಮಾವ್ಶಿ," ಎಂದ ರುಡಾಲ್ಫ್. ಬಾಯಲ್ಲಿದ್ದ ಬಿಸ್ಕತ್ತು ಮರಳಿನಂತಾಯಿತು.

ಹಿಂದಿನ ಮನೆ ಎಂದರೆ ಬಾವಿ. ಹಿಂದಿನ ಮನೆ ಎಂದರೆ ಕಡಲ ದಾರಿ. ಅಲ್ಲಿ ಬೇಲಿ ಬಿದ್ದರೆ ಮುಂದಿನ ಮನೆಯವನು ನೀರಿಗೂ ಗಾಳಿಗೂ ಸುಂದರಿಯ ಬಾಗಿಲು ತಟ್ಟಬೇಕು. ಕಡಲಿಗೆ ಮುಖ ಮಾಡಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿ, ಮಾಡಿನ ಅಂಚಿಗೆಲ್ಲ ನೀಲಿ ದೀಪ ಹಾಕಿ, ತಾನು ಮಾಲೀಕನಾಗಿ ಬೆತ್ತದ ಕುರ್ಚಿಯಲ್ಲಿ ಕೂತಿರುವ ಚಿತ್ರವನ್ನು ರುಡಾಲ್ಫ್ ಎಷ್ಟೋ ವರ್ಷದಿಂದ ಕಣ್ಣಲ್ಲಿ ಇಟ್ಟುಕೊಂಡಿದ್ದ. ಈಗ ಆ ಚಿತ್ರದ ಅರ್ಧ ಭಾಗದಲ್ಲಿ ಸುಂದರಿ ಬೀಡಿ ಎಲೆ ಒಣಗಿಸುತ್ತಿದ್ದಳು.

ಇದು ಚಿಕ್ಕಮ್ಮನ ತಲೆಯಿಂದ ಬಂದ ವಿಚಾರವಲ್ಲ ಎಂದು ಅವನಿಗೆ ಆಗಲೇ ಅನಿಸಿತು. ಆಮೇಲೆ ಅದೇ ಖಾತ್ರಿಯಾಯಿತು. ಸುಂದರಿ ಗಂಜಿ ಬಡಿಸುವಾಗ ಏನೋ ಪಿಸುಗುಟ್ಟಿರಬೇಕು. ಅವಳು ನಕ್ಕರೂ ಸಂಶಯ, ನಗದಿದ್ದರೂ ಸಂಶಯ. ಅವಳಾದರೂ ಏನು ಮಾಡಿದ್ದಾಳೆ? ಚಿಕ್ಕಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಎರಡೂ ಕಣ್ಣಿನ ಆಪರೇಶನ್ ಮಾಡಿಸಿದವನು ಯಾರು? ಪಟ್ಟಿ ಕಟ್ಟಿದ ಕಣ್ಣಿನ ಮುದುಕಿಯನ್ನು ತೋಳು ಹಿಡಿದು ಮೆಟ್ಟಿಲು ಇಳಿಸಿದವನು, ಹಬ್ಬದ ಸೀಸನಿನಲ್ಲಿ ಅಂಗಡಿ ಬಾಗಿಲು ಎಳೆದು ಬಂದು ಹೊತ್ತು ಹೊತ್ತಿಗೆ ಡ್ರಾಪ್ಸ್ ಬಿಟ್ಟವನು ಯಾರು? ಸುಂದರಿಯಾ?

ಗಲಾಟೆ ಮಾಡಿದರೆ ಮುಂದಿನ ಮನೆಯೂ ಹೋಗಬಹುದು. ಸುಂದರಿಯ ಮೇಲೆ ಕಳ್ಳತನ ಹೊರಿಸಿದರೆ ಚಿಕ್ಕಮ್ಮ ನಂಬುವವಳಲ್ಲ. ಅವಳು ಮನುಷ್ಯರ ಮಾತಿಗೆ ತಿರುಗುವವಳೇ ಅಲ್ಲ. ಅವಳು ಮಾತು ಕೇಳುವುದು ಒಬ್ಬಳದೇ, ಪ್ರಾರ್ಥನೆ ಕೋಣೆಯಲ್ಲಿ ನಿಂತಿರುವ ಮರಿಯಮ್ಮನದು. ಅವರ ಮನೆಮಾತಿನಲ್ಲಿ ಸಾಯ್ಬಿಣ್.

ಆ ಸಾಯ್ಬಿಣ್ ವೇಳಾಂಕಣ್ಣಿಯಿಂದ ತಂದ, ಒಂದು ಮೊಳ ಎತ್ತರದ ಪ್ಲಾಸ್ಟಿಕ್ ಮೂರ್ತಿ. ರೇಡಿಯಂ ಬೆರೆಸಿದ ಜಾತಿಯದು: ಬೆಳಕು ಕುಡಿದು, ಕತ್ತಲಾದಾಗ ಅದನ್ನು ಹಸಿರಾಗಿ ಹೊರಗೆ ಬಿಡುವಂಥದು. ಹಿಂದೊಮ್ಮೆ ಒಂದು ಮದುವೆ ಸ್ಟೇಜಿಗೆ ತಂದಿದ್ದ ನೇರಳೆ ದೀಪವನ್ನು ರುಡಾಲ್ಫ್ ಅದೇ ಕೋಣೆಯ ಪ್ಲಗ್ಗಿಗೆ ಹಾಕಿ ನೋಡಿದ್ದ. ದೀಪ ಮಂಕಾಗಿಯೇ ಇತ್ತು. ಮೂರ್ತಿ ಮಾತ್ರ ಒಳಗಿಂದ ಯಾರೋ ಊದಿದಂತೆ ಹಸಿರಾಗಿ ಉರಿದುಬಿಟ್ಟಿತ್ತು. ಆಗ ಅದು ತಮಾಷೆ. ಈಗ ಅದು ನೆನಪಿಗೆ ಬಂದಾಗ ಅವನು ಅಂಗಡಿಯ ಶಟರನ್ನು ಅರ್ಧ ಇಳಿಸಿದ.

ಮೂರ್ತಿಯ ಮೇಲೆ ದೂರದಿಂದ ಒಂದೇ ಒಂದು ಗೆರೆ ಎಳೆಯಬೇಕು. ಕಣ್ಣಿಂದ ಕೆನ್ನೆಗೆ. ಚಿಕ್ಕಮ್ಮ ನೋಡುತ್ತಿರುವಾಗಲೇ ಸಾಯ್ಬಿಣ್ ಅಳಬೇಕು. ಅಷ್ಟೇ.

ಅದಕ್ಕೆ ಬೇಕಾದ್ದು ನೇರಳೆ ಲೇಸರ್. ಮಂಗಳೂರಿನ ಅಂಗಡಿಗಳಲ್ಲಿ ಕೇಳುವ ಹಾಗಿಲ್ಲ; ಲೈಟಿನ ವ್ಯಾಪಾರದವರೆಲ್ಲ ಅವನ ಗುರುತಿನವರು, ಒಬ್ಬನಿಗೆ ಹೇಳಿದ್ದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಫೋನಿನಲ್ಲಿ ಹುಡುಕಿದ. ಕೆಂಪು ಇತ್ತು, ಹಸಿರು ಇತ್ತು, ಅವುಗಳ ಕೆಳಗೆ ಯಾರೂ ಕೇಳದ ಹುಡುಗಿಯಂತೆ ನೇರಳೆಯೂ ಇತ್ತು. ಬಸ್‌ಸ್ಟ್ಯಾಂಡ್ ಹೋಟೆಲಿನ ಒಂದು ಪ್ಲೇಟ್ ಬಿರಿಯಾನಿಯ ಬೆಲೆ. 'ಬೆಳಕೇ ಕಾಣುವುದಿಲ್ಲ, ದುಡ್ಡು ದಂಡ' ಎಂದು ಯಾರೋ ಒಂದೇ ನಕ್ಷತ್ರ ಕೊಟ್ಟು ಬೈದಿದ್ದರು. 'ಮಗಳ ಕೋಣೆಯ ರೇಡಿಯಂ ಚಂದ್ರನ ಮೇಲೆ ಹೆಸರು ಬರೆಯಬಹುದು' ಎಂದು ಇನ್ನೊಬ್ಬರು ಹೊಗಳಿದ್ದರು. ರುಡಾಲ್ಫ್ ಹೊಗಳಿಕೆಗಿಂತ ಬೈಗುಳವನ್ನೇ ಹೆಚ್ಚು ಸಲ ಓದಿದ. ಬೆಳಕು ಕಾಣಬಾರದು, ಅದು ಮಾಡಿದ ಕೆಲಸ ಮಾತ್ರ ಕಾಣಬೇಕು. ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಯಾವುದಿದೆ?

ಪಾರ್ಸೆಲ್ ತಂದವನು ಗೌರೀಶಂಕರ, ಹಳೆಯ ಸ್ಕೂಟರಿನ, ದೊಡ್ಡ ಬಾಯಿಯ ಮನುಷ್ಯ.

"ಲೈಟಿನವರಿಗೇ ಲೈಟು ಬಂತಲ್ಲ ಮಾರಾಯ್ರೆ. ಮೀನಿಗೆ ನೀರು ಕಳಿಸಿದ ಹಾಗೆ," ಎಂದ ಅವನು, ಪೆಟ್ಟಿಗೆಯ ಮೇಲಿನ ಚೀಟಿಯನ್ನು ದಿಟ್ಟಿಸುತ್ತ.

"ಬೆಕ್ಕಿಗೆ ಆಡ್ಲಿಕ್ಕೆ," ಎಂದುಬಿಟ್ಟ ರುಡಾಲ್ಫ್.

"ನಿಮಗೆ ಬೆಕ್ಕು ಉಂಟಾ?"

"ಉಂಟು."

ಗೌರೀಶಂಕರ ಹೋದ ಮೇಲೂ ಆ ಪ್ರಶ್ನೆ ಅಂಗಡಿಯಲ್ಲೇ ನಿಂತಿತ್ತು. ಅವನು ಅದನ್ನು ಯಾಕೆ ಕೇಳಿದ? ಚೀಟಿಯನ್ನು ಅಷ್ಟು ಹೊತ್ತು ಯಾಕೆ ನೋಡಿದ? ನಾಳೆ ಚಿಕ್ಕಮ್ಮನ ಮನೆ ಕಡೆಗೂ ಪಾರ್ಸೆಲ್ ಕೊಡಲು ಹೋಗುವವನೇ ತಾನೆ? ರುಡಾಲ್ಫ್ ಪೆಟ್ಟಿಗೆಯನ್ನು ಅಂಗಡಿಯ ಹಿಂದೆ ಸುಟ್ಟ, ಬೂದಿಗೆ ನೀರು ಹೊಯ್ದ. ಮರುದಿನ ಬೆಕ್ಕು ತರಲು ಹೊರಟ. ಸುಳ್ಳಿಗೆ ಮೈ ಇಲ್ಲದಿದ್ದರೆ ಅದು ಸಿಕ್ಕಿಬೀಳುತ್ತದೆ, ನಾಲ್ಕು ಕಾಲು, ಒಂದು ಬಾಲ ಇದ್ದರೆ ಯಾರೂ ಕೇಳುವುದಿಲ್ಲ ಎಂಬುದು ಅವನ ಲೆಕ್ಕ.

ಸೀತಾಂಗೋಳಿಯಲ್ಲಿ ಪಂಕಜಾಕ್ಷಿಯ ಚಹಾದಂಗಡಿಯಲ್ಲಿ ಸದಾ ಬೆಕ್ಕಿನ ಮರಿಗಳಿರುತ್ತಿದ್ದವು. ಪಂಕಜಾಕ್ಷಿಗೂ ತೆರೆಜಾ ಬಾಯಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ. ಒಂದೇ ಕೆಲಸಕ್ಕೆ ಹೋಗಿ ಎರಡು ಕೆಲಸ ಮುಗಿಸಿ ಬರುವ ಮನುಷ್ಯ ತಾನು ಎಂಬ ಹೆಮ್ಮೆ ರುಡಾಲ್ಫನಿಗೆ ಇತ್ತು. ಮುದುಕಿ ಚಹಾ ಸೋಸುತ್ತಿರುವಾಗ ಅವನು ಜೇಬಿನೊಳಗಿಂದಲೇ ಒಲೆಯ ಹಿಂದಿನ ಮಸಿ ಗೋಡೆಗೆ ಲೇಸರ್ ಬಿಟ್ಟ. ಅವನ ಕಣ್ಣಿಗೆ ಮಂಕಾದ ಒಂದು ನೇರಳೆ ಚುಕ್ಕೆ ಕಂಡಿತು.

"ಅಮ್ಮಾ, ಆ ಗೋಡೆಯಲ್ಲಿ ಎಂತಾದರೂ ಕಾಣ್ತದಾ?"

ಪಂಕಜಾಕ್ಷಿ ದಪ್ಪ ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ನೋಡಿದಳು. "ಗೋಡೆ ಕಾಣ್ತದೆ. ಸುಣ್ಣ ಹೊಡೀಬೇಕು ಅಂತ ನೀನೂ ಹೇಳ್ಲಿಕ್ಕೆ ಬಂದದ್ದಾ? ನನ್ನ ಸೊಸೆ ಹೇಳಿ ಹೇಳಿ ಸಾಕಾಯ್ತು."

ಒಲೆಯ ಹೊಗೆಯಲ್ಲೂ ಬಿಟ್ಟು ನೋಡಿದ. ಲೇಸರ್ ಹೊಗೆಯೊಳಗೆ ಹಾದರೆ ದಾರಿ ಕಾಣುತ್ತದೆ ಎಂಬುದು ಬೆಳಕಿನ ಕೆಲಸದವನಿಗೆ ಗೊತ್ತಿಲ್ಲದ ವಿಷಯವಲ್ಲ. ಹಸಿರಾದರೆ ಕತ್ತಿಯ ಹಾಗೆ ಕಾಣುತ್ತಿತ್ತು. ಈ ನೇರಳೆ ಅವನಿಗೇ ಇದೆಯೋ ಇಲ್ಲವೋ ಎಂಬಷ್ಟು. ಮುದುಕಿಗೆ ಏನೂ ಇಲ್ಲ. ಮುದಿಗಣ್ಣಿಗೆ ನೇರಳೆ ಕಾಣುವುದಿಲ್ಲ. ರುಡಾಲ್ಫ್ ಈ ಸತ್ಯವನ್ನು ಬೆಕ್ಕಿನ ಮರಿಯ ಜೊತೆ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದ. ಮರಿಗೆ ಲೇಸರ್ ಚುಕ್ಕೆಯಲ್ಲಿ ಒಂದಿಷ್ಟೂ ಆಸಕ್ತಿ ಹುಟ್ಟಲಿಲ್ಲ. ಅದು ಅಂಗಡಿಯ ವಯರುಗಳನ್ನು ಕಚ್ಚಿಕೊಂಡು ಸುಖವಾಗಿತ್ತು.

ತಪಸ್ಸುಕಾಲ ಶುರುವಾಗಿತ್ತು, ಈಸ್ಟರಿಗೆ ಮೊದಲಿನ ಉಪವಾಸದ ವಾರಗಳು. ಇಗರ್ಜಿಯಲ್ಲಿ ಪಾದ್ರಿಗಳು ನೇರಳೆ ವಸ್ತ್ರ ತೊಟ್ಟು ಬಂದಾಗ ತೆರೆಜಾ ಬಾಯಿ ಬೆಂಚಿನಲ್ಲಿ ಮುಂದೆ ಬಾಗಿದಳು.

"ಪಾದ್ರಿಯಾಬ್ ಹೊಸ ವಸ್ತ್ರ ತಂದದ್ದಾ, ಪುತಾ?"

"ಅದು ಹಳೆಯದ್ದೇ ಮಾವ್ಶಿ. ಪ್ರತಿ ವರ್ಷದ್ದು."

"ಹೌದಾ," ಎಂದು ಅವಳು ಪೂಜೆ ಮುಗಿಯುವವರೆಗೂ ಅದನ್ನೇ ನೋಡುತ್ತಿದ್ದಳು, ಜಾತ್ರೆಗೆ ಬಂದ ಮಗುವಿನ ಹಾಗೆ. ಬುದ್ಧಿ ಮಂಕಾಗುತ್ತಿದೆ ಎಂದು ರುಡಾಲ್ಫ್ ಮನಸ್ಸಿನಲ್ಲೇ ಬರೆದುಕೊಂಡ. ಅದೂ ಒಳ್ಳೆಯದೇ.

ಮನೆಗೆ ಬಂದು ಅವನು ಬೀಜ ಹಾಕಿದ. "ಸುಂದರಿಯ ವಿಷಯ ದೊಡ್ಡದು ಮಾವ್ಶಿ. ಒಂದು ಸಲ ಸಾಯ್ಬಿಣ್ ಹತ್ರ ಕೇಳಿ. ತಪ್ಪಾದರೆ ಅವಳೇ ಒಂದು ಗುರುತು ತೋರಿಸಿಯಾಳು."

ತೆರೆಜಾ ಬಾಯಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. "ನೀನು ಇಷ್ಟು ದೇವರು ದಿಂಡಿರು ಅಂತ ಯಾವಾಗ ಕಲಿತದ್ದು? ಆಗಲಿ, ಕೇಳ್ತೇನೆ. ಬರುವ ಶುಕ್ರವಾರ. ಮೊದಲು ನೀನು ಆ ಕಿಂಡಿಗೆ ಬಲೆ ಹಾಕು. ನಿನ್ನೆಯೂ ಬಾವಲಿ ಬಂದು ಮೋಂಬತ್ತಿ ಬೀಳಿಸಿತು."

"ಶನಿವಾರ ಖಂಡಿತ."

ಶನಿವಾರ ಎಂದದ್ದು ಸುಮ್ಮನೆ ಅಲ್ಲ. ಕಿಂಡಿ ಇದ್ದುದು ಕೋಣೆಯ ಎಡಗೋಡೆಯ ಮೇಲ್ಭಾಗದಲ್ಲಿ. ಅದರ ಆಚೆ ಸೌದೆ ಕೊಟ್ಟಿಗೆ. ಅಲ್ಲಿ ಏಣಿ ಹತ್ತಿ ನಿಂತರೆ ಸಾಯ್ಬಿಣ್‌ನ ಮುಖ ನೇರಕ್ಕೆ ಸಿಗುತ್ತದೆ. ಶುಕ್ರವಾರದ ಸಂಜೆ ಸುಂದರಿ ಸೀತಾಂಗೋಳಿಯಲ್ಲಿರುವ ತನ್ನ ಮಗಳು ಅನ್ವಿತಾಳ ಮನೆಗೆ ಹೋಗುತ್ತಾಳೆ. ಸುಂದರಿ ಇನ್ನೂ ಮುದುಕಿಯಲ್ಲ, ಅವಳ ಕಣ್ಣನ್ನು ನಂಬುವ ಹಾಗಿಲ್ಲ. ಪ್ರಾರ್ಥನೆ ಕೋಣೆಯ ಟ್ಯೂಬ್‌ಲೈಟಿನ ಸ್ಟಾರ್ಟರನ್ನು ರುಡಾಲ್ಫ್ ಈ ಮಾತಾದ ದಿನವೇ ತಿರುಗಿಸಿ ತೆಗೆದು, ಹೊಸದು ತರಬೇಕು ಎಂದ. ಮೂರ್ತಿ ಹಗಲೆಲ್ಲ ಅರೆಗತ್ತಲಲ್ಲಿ ಹಸಿದಿರಬೇಕು. ಸಂಜೆಗೆ ಮೋಂಬತ್ತಿ ಮಾತ್ರ. ಲೇಸರನ್ನು ಯಾರ ಕಣ್ಣಿಗೂ ಬಿಡಬಾರದು ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದುದನ್ನೂ ಅವನು ಮರೆತಿರಲಿಲ್ಲ. ಅಷ್ಟು ಕಷ್ಟಪಟ್ಟು ಸರಿ ಮಾಡಿಸಿದ ಚಿಕ್ಕಮ್ಮನ ಕಣ್ಣಿಗೆ ತನ್ನಿಂದ ಹಾನಿ ಆಗಬಾರದು. ತಾನು ಅಂಥ ಕೆಟ್ಟವನಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಶುಕ್ರವಾರ ಇಗರ್ಜಿಯ ಸಂಜೆಯ ಗಂಟೆ ಬಿದ್ದಾಗ ಅವನು ಕೊಟ್ಟಿಗೆಯ ಏಣಿಯ ಮೇಲಿದ್ದ. ಒಳಗೆ ತೆರೆಜಾ ಬಾಯಿ ಮೊಣಕಾಲೂರಿ ತೇರ್ಸ್ ಹೇಳುತ್ತಿದ್ದಳು. ಜಪಮಾಲೆಯ ಮಣಿಗಳ ಮೇಲೆ 'ನಮಾನ್ ಮರಿಯೆ' ಒಂದರ ಹಿಂದೆ ಒಂದು ಉರುಳುತ್ತಿತ್ತು. ಸೊಳ್ಳೆಗೆಂದು ಹಾಕಿದ ಧೂಪದ ಹೊಗೆ ಕೋಣೆಯಲ್ಲಿ ತೆಳ್ಳಗೆ ನಿಂತಿತ್ತು. ಹೊಗೆಯ ಲೆಕ್ಕ ಪಂಕಜಾಕ್ಷಿಯ ಅಂಗಡಿಯಲ್ಲೇ ಆಗಿತ್ತು. ಅವನು ಹೆದರಲಿಲ್ಲ. ಹೊರಗೆ ಎಲೆ ಸರಿದರೆ ಸುಂದರಿ ಅರ್ಧ ದಾರಿಯಿಂದ ತಿರುಗಿ ಬಂದಳೇನೋ ಎನಿಸಿತು; ದೂರದ ಸ್ಕೂಟರಿನ ಸದ್ದು ಗೌರೀಶಂಕರನದೇ ಎನಿಸಿತು. ಯಾರೂ ಬರಲಿಲ್ಲ.

ತೇರ್ಸ್ ಮುಗಿಯಿತು. ತೆರೆಜಾ ಬಾಯಿ ಬೇಲಿಯಾಚೆಯ ನೆರೆಯವಳೊಡನೆ ಮಾತಾಡುವ ದನಿಯಲ್ಲಿ ಮೂರ್ತಿಗೆ ಹೇಳಿದಳು. "ನೋಡು ಸಾಯ್ಬಿಣ್, ಸುಂದರಿಗೆ ಹಿಂದಿನ ಮನೆ ಕೊಡುವಾ ಅಂತ ಉಂಟು. ಸರಿಯಾದರೆ ಸುಮ್ಮನಿರು. ತಪ್ಪಾದರೆ ಹೇಳು."

ರುಡಾಲ್ಫ್ ಗುಂಡಿ ಒತ್ತಿದ. ಸಾಯ್ಬಿಣ್‌ನ ಕಣ್ಣಿನ ಮೂಲೆಯಲ್ಲಿ ಹಸಿರು ಹನಿಯೊಂದು ಮೂಡಿತು. ಅದು ಹಿಗ್ಗಿ, ಒಂದು ಕ್ಷಣ ತಡೆದು, ಕೆನ್ನೆಯ ಮೇಲೆ ನಿಧಾನವಾಗಿ ಇಳಿದು ಗಲ್ಲದ ಹತ್ತಿರ ನಿಂತಿತು. ಗುಂಡಿ ಬಿಟ್ಟ. ಗೆರೆ ಉಳಿಯಿತು, ಮೋಂಬತ್ತಿಯ ಬೆಳಕಿನಲ್ಲೂ ಉರಿಯುತ್ತ. ಸ್ವಂತ ಕೆಲಸವಾದರೂ ಅವನ ಮೈ ಜುಮ್ಮೆಂದಿತು. ಅವನ ಕಣ್ಣು ಆ ಹನಿಯನ್ನು ಬಿಟ್ಟು ಬೇರೆ ಯಾವುದನ್ನೂ ನೋಡಲಿಲ್ಲ.

ಕೆಳಗಿನಿಂದ ಚಿಕ್ಕಮ್ಮನ ದನಿ ಬಂತು. "ಗೊತ್ತಾಯ್ತು. ಸರೀ ಗೊತ್ತಾಯ್ತು."

ಅವನು ಸುತ್ತುಬಳಸಿ ಬಂದು, ಆಗಷ್ಟೇ ಬಸ್ಸಿಳಿದವನಂತೆ ಮುಂಬಾಗಿಲಿನಿಂದ ಒಳಗೆ ಬಂದ. ತೇರ್ಸ್ ಆದ ಮೇಲೆ ಕಿರಿಯರು ಹಿರಿಯರ ಬೆಸಾಂವ್ ಬೇಡುವುದು, ತಲೆ ಬಾಗಿಸಿ ಆಶೀರ್ವಾದ ಪಡೆಯುವುದು, ಅವರಲ್ಲಿ ರೂಢಿ. ಅವನು ಬಾಗಿದ. ತೆರೆಜಾ ಬಾಯಿಯ ಕೈ ಅವನ ತಲೆಯ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ಇತ್ತು. ಕೂದಲಲ್ಲಿದ್ದ ಸೌದೆಯ ಚೂರೊಂದನ್ನು ಆರಿಸಿ ತೆಗೆಯಿತು.

"ದೇವರು ನಿನಗೆ ಒಳ್ಳೆ ಬುದ್ಧಿ ಕೊಡ್ಲಿ, ಪುತಾ. ನಾಳೆ ಕಿಂಡಿಗೆ ಬಲೆ ಹಾಕ್ತೀಯಲ್ಲ?"

"ಹಾಕ್ತೇನೆ ಮಾವ್ಶಿ," ಎಂದ. ಇನ್ನು ಕಿಂಡಿಯಿಂದ ಆಗಬೇಕಾದ್ದು ಏನೂ ಇರಲಿಲ್ಲ. ಹಿಂದಿರುಗುವಾಗ ಸೇತುವೆಯ ಮೇಲೆ ನಿಂತು ಲೇಸರನ್ನು ಹೊಳೆಗೆ ಬಿಟ್ಟ. ಪೆಟ್ಟಿಗೆ ಬೂದಿ, ಲೇಸರ್ ನೀರು, ಬೆಕ್ಕು ಬೆಕ್ಕು. ಲೋಕದಲ್ಲಿ ಅವನ ವಿರುದ್ಧ ಹೇಳುವಂಥದು ಒಂದೂ ಉಳಿದಿರಲಿಲ್ಲ.

ಶನಿವಾರ ಸಂಜೆ ಅವನು ಬಲೆ, ಮೊಳೆ, ಸುತ್ತಿಗೆ, ಹೊಸ ಸ್ಟಾರ್ಟರ್ ಹಿಡಿದು ಬಂದ. ಬೆಕ್ಕಿನ ಮರಿಯನ್ನೂ ತಂದ. ಅಂಗಡಿಯಲ್ಲಿ ಅದರ ಕೆಲಸ ಮುಗಿದಿತ್ತು. ಟ್ಯೂಬ್‌ಲೈಟ್ ಹತ್ತಿತು. ಸುಂದರಿ ಸ್ಟೂಲು ಹಿಡಿದುಕೊಂಡಳು.

"ರೂಡಿ ಪೊರ್ಬುಗಳು ಕೊನೆಗೂ ಬಲೆ ತಂದರಲ್ಲ," ಎಂದಳು ಅವಳು, ಇಗರ್ಜಿಯ ಗಂಡಸರನ್ನು ಊರವರು ಮರ್ಯಾದೆಗೆ ಕರೆಯುವ ಹೆಸರಿನಲ್ಲಿ. "ಬಾವಲಿಗೆ ಮಕ್ಕಳು ಮರಿ ಆಗಿ ಇಲ್ಲಿಯೇ ಸಂಸಾರ ಹೂಡಿ ಆಯ್ತು."

ಪಾಪ, ನಗಲಿ ಎಂದುಕೊಂಡ ರುಡಾಲ್ಫ್. ತುಟಿಗಳ ನಡುವೆ ಮೊಳೆಗಳನ್ನು ಕಚ್ಚಿಕೊಂಡು ಒಂದೊಂದಾಗಿ ಬಡಿಯತೊಡಗಿದ. ಕೆಳಗೆ ತೆರೆಜಾ ಬಾಯಿ ಬೆಕ್ಕಿನ ಮರಿಯನ್ನು ಮಡಿಲಿಗೆ ಹಾಕಿಕೊಂಡು ಕೂತಿದ್ದಳು.

"ಸುಂದರಿ, ಸೋಮವಾರ ರಿಜಿಸ್ಟ್ರಿಗೆ ಹೋಗುವಾ. ಹಿಂದಿನ ಮನೆ ನಿನಗೆ. ಮುಂದಿನದ್ದೂ ನಿನಗೇ," ಎಂದಳು ಅವಳು, ನಾಳೆಯ ಮೀನಿನ ವಿಷಯ ಹೇಳುವ ಹಾಗೆ. ಸ್ಟೂಲು ಅಲುಗಾಡಿತು. ರುಡಾಲ್ಫನ ಬಾಯಲ್ಲಿ ಮೊಳೆಗಳಿದ್ದವು. "ಇಗರ್ಜಿಯಲ್ಲಿ ನಾನು ಕೇಳಿದೆನಲ್ಲ ಪುತಾ, ಪಾದ್ರಿಯಾಬ್ ಹೊಸ ವಸ್ತ್ರ ತಂದದ್ದಾ ಅಂತ. ನೀನು ಹಳೆಯದ್ದೇ ಅಂದೆ. ಹೌದು, ಹಳೆಯದ್ದೇ. ಹೊಸತು ನನ್ನ ಕಣ್ಣು. ಆಪರೇಶನ್ನಿಗೆ ಮೊದಲು ನನಗೆ ಆ ಬಣ್ಣ ಬರೀ ಕಪ್ಪು. ಹಳದಿ ಪೊರೆ ತೆಗೆದು ಬೇರೆ ಗಾಜು ಇಟ್ಟದ್ದಲ್ವಾ, ಇನ್ನು ನೇರಳೆ ನಿಮಗೆ ಬೇರೆಯವರಿಗಿಂತ ಹೆಚ್ಚು ಕಾಣ್ತದೆ ಬಾಯಿ ಅಂತ ಡಾಕ್ಟರು ಹೇಳಿದರು. ನೀನು ಆಗ ಹೊರಗೆ ಫೋನಿನಲ್ಲಿ ಇದ್ದಿ. ನಿನ್ನೆ ಧೂಪದ ಹೊಗೆಯಲ್ಲಿ ಆ ಕಿಂಡಿಯಿಂದ ಸಾಯ್ಬಿಣ್ ಕಣ್ಣಿನವರೆಗೆ ಅದೇ ಬಣ್ಣದ ಒಂದು ನೂಲು ಕಂಡಿತು, ಎಷ್ಟು ಚಂದ ಅಂತಿ. ನೂಲು ಹಿಡಿದು ಮೇಲೆ ನೋಡಿದೆ. ಆ ತುದಿಯಲ್ಲಿ ನೀನು." ಅವ್ಯಾವುದೂ ಬೈಗುಳದ ದನಿಯಲ್ಲಿ ಇರಲಿಲ್ಲ. ಬೆಕ್ಕು ಮಡಿಲಲ್ಲಿ ಗುರುಗುಟ್ಟುತ್ತಿತ್ತು. ಸುಂದರಿ ಎರಡೂ ಕೈಯಲ್ಲಿ ಸ್ಟೂಲನ್ನು ಮತ್ತೆ ಗಟ್ಟಿಯಾಗಿ ಹಿಡಿದಳು. "ಒಂದು ಮೂಲೆ ಬಾಕಿ ಉಂಟು," ಎಂದಳು ತೆರೆಜಾ ಬಾಯಿ. ರುಡಾಲ್ಫ್ ಬಾಯಿಂದ ಕೊನೆಯ ಮೊಳೆಯನ್ನು ತೆಗೆದು, ಬಲೆಯ ಮೂಲೆಯನ್ನು ಎಳೆದು ಹಿಡಿದು, ಬಡಿದ.